ಕಾಣಿಕೆಯ ಜಾಡು ಎಲ್ಲೂ ತಪ್ಪಬಾರದು: ಸಭೆಗೆ ಆನ್‌ಲೈನ್ ಸೇವೆ ಆರಿಸುವಾಗ

ಕ್ರೈಸ್ತ ಸಭೆಗಳ, ಅಂದರೆ ಚರ್ಚುಗಳ, ಖಜಾಂಚಿಗಳಿಗೆ ಮತ್ತು ಕಮಿಟಿಯವರಿಗೆ ಮಾಡಿದ ಉಪನ್ಯಾಸದ ಬರಹ ರೂಪ ಇದು. ಕೊನೆಯಲ್ಲಿ ಬಂದ ಪ್ರಶ್ನೆಗಳನ್ನೂ ಸೇರಿಸಿದ್ದೇನೆ.

ಎಲ್ಲರಿಗೂ ನಮಸ್ಕಾರ. ನೇರವಾಗಿ ವಿಷಯಕ್ಕೆ ಬರುತ್ತೇನೆ.

ಆನ್‌ಲೈನ್ ಕಾಣಿಕೆಗೆ ಯಾವ ಸೇವೆ ತೆಗೆದುಕೊಳ್ಳೋಣ ಅಂತ ಕಮಿಟಿ ಕೂತಾಗ ಮೊದಲು ಬರುವ ಪ್ರಶ್ನೆ ಒಂದೇ. ಶೇಕಡಾ ಎಷ್ಟು ಹಿಡಿದುಕೊಳ್ಳುತ್ತಾರೆ? ಕೇಳಲೇಬೇಕಾದ ಪ್ರಶ್ನೆ ಅದು, ಬೇಡ ಅನ್ನುವುದಿಲ್ಲ. ಆದರೆ ಅದನ್ನೇ ಮೊದಲು ಕೇಳಿದರೆ ಉಳಿದದ್ದನ್ನು ಕೇಳಲು ಯಾರಿಗೂ ತಾಳ್ಮೆ ಉಳಿಯುವುದಿಲ್ಲ. ಕಡಿಮೆ ಹೇಳಿದವರಿಗೆ ಎಲ್ಲರೂ ಸರಿ ಅನ್ನುತ್ತಾರೆ, ನಿರ್ಣಯ ಬರೆದು ಎದ್ದು ಹೋಗುತ್ತಾರೆ, ಆಮೇಲೆ ವರ್ಷಗಟ್ಟಲೆ ಲೆಕ್ಕ ಹೊಂದಿಸಲು ಒದ್ದಾಡುವವರು ಖಜಾಂಚಿ ಒಬ್ಬರೇ.

ನಾನು ಮೊದಲು ಕೇಳುವುದು ಬೇರೆ. ಒಬ್ಬರು ಕಟ್ಟಡ ನಿಧಿಗೆ ಅಂತ ಕಾಣಿಕೆ ಕೊಟ್ಟರು ಅಂದುಕೊಳ್ಳಿ. ಆ ಹಣ ಅವರ ಖಾತೆಯಿಂದ ಹೊರಟು ನಮ್ಮ ಲೆಕ್ಕದ ಪುಸ್ತಕದಲ್ಲಿ ಕಟ್ಟಡ ನಿಧಿಯ ಕೆಳಗೆ ಒಂದು ಸಾಲಾಗಿ ಬಂದು ಕೂರುವ ತನಕ ಎಲ್ಲೆಲ್ಲಿ ನಿಂತಿತ್ತು, ಯಾರು ಎಷ್ಟು ಮುರಿದುಕೊಂಡರು ಅನ್ನುವುದನ್ನು, ಒಂದು ವರ್ಷ ಬಿಟ್ಟು ಹೊಸ ಖಜಾಂಚಿ ಬಂದು ಕೇಳಿದರೂ ತೋರಿಸಲು ಆಗುತ್ತದಾ? ಆಗುತ್ತದೆ ಅಂದರೆ ಆ ಸೇವೆಯ ಬಗ್ಗೆ ಮುಂದೆ ಮಾತಾಡೋಣ. ಆಗುವುದಿಲ್ಲ ಅಂದರೆ ಶುಲ್ಕ ಸೊನ್ನೆಯಾಗಿದ್ದರೂ ಬೇಡ.

ಇದು ಹೊಸ ಕಾಲದ ಗೀಳು ಅಂದುಕೊಳ್ಳಬೇಡಿ. ಅಪೊಸ್ತಲ ಪೌಲನು ಯೆರೂಸಲೇಮಿನ ಬಡ ವಿಶ್ವಾಸಿಗಳಿಗಾಗಿ ಸಭೆಗಳಲ್ಲಿ ಹಣ ಕೂಡಿಸಿದಾಗ, ತಾನೊಬ್ಬನೇ ಅದನ್ನು ನೋಡಿಕೊಳ್ಳಲು ಹೋಗಲಿಲ್ಲ. ಸಭೆಗಳೇ ಆರಿಸಿದವರನ್ನು ಜೊತೆಗೆ ಇಟ್ಟುಕೊಂಡ. ಇಷ್ಟು ದೊಡ್ಡ ಮೊತ್ತದ ವಿಷಯದಲ್ಲಿ ಯಾರೂ ತಮ್ಮ ಮೇಲೆ ತಪ್ಪು ಹೊರಿಸಬಾರದು ಅನ್ನುವ ಕಾರಣವನ್ನು ಬೈಬಲಿನ 2 ಕೊರಿಂಥ 8ನೇ ಅಧ್ಯಾಯದಲ್ಲಿ ಬಿಚ್ಚಿ ಹೇಳಿದ್ದಾನೆ. ಪೌಲನಂಥವನಿಗೇ ಜೊತೆಗೆ ಸಾಕ್ಷಿ ಬೇಕಿತ್ತು, ನಮಗೆ ಬೇಡವೇ?

ಸರಿ, ಹಣ ಹೋಗುವ ದಾರಿ ನೋಡೋಣ. ಒಂದೇ ಸೇವೆ ಅಂತ ನಮಗೆ ಕಂಡರೂ ಹಿಂದೆ ಹಲವು ಕೈಗಳಿವೆ. ಕಾಣಿಕೆ ಪುಟ, ರಸೀದಿ, ವರದಿ ಕೊಡುವವರು ಒಬ್ಬರು. ಕಾರ್ಡಿನಿಂದಲೋ ಬ್ಯಾಂಕ್ ಖಾತೆಯಿಂದಲೋ ಹಣ ಎಳೆದುಕೊಡುವ ಪೇಮೆಂಟ್ ಕಂಪನಿ ಇನ್ನೊಂದು. ಅದರ ಹಿಂದೆ ಬ್ಯಾಂಕುಗಳು, ಕಾರ್ಡ್ ಜಾಲಗಳು. ಇಲ್ಲಿ ಮುಖ್ಯವಾಗಿ ಎರಡು ಬಗೆ ಇದೆ. ಒಂದರಲ್ಲಿ ಪೇಮೆಂಟ್ ಖಾತೆ ಸಭೆಯ ಹೆಸರಿನಲ್ಲೇ ಇರುತ್ತದೆ, ಹಣ ಸೀದಾ ಸಭೆಯ ಬ್ಯಾಂಕ್ ಖಾತೆಗೆ ಬೀಳುತ್ತದೆ. ಇನ್ನೊಂದರಲ್ಲಿ ಹಣ ಮೊದಲು ಸೇವೆಯವರ ಖಾತೆಗೆ, ಕೆಲವು ಕಡೆ ಅವರೇ ನಡೆಸುವ ಟ್ರಸ್ಟಿಗೆ ಹೋಗಿ, ಅಲ್ಲಿಂದ ನಮಗೆ ಬರುತ್ತದೆ. ಎರಡನೆಯ ಬಗೆಯಲ್ಲಿ ರಸೀದಿ ಅವರ ಹೆಸರಿನಲ್ಲಿ ಹೋಗಬಹುದು, ಕೊಟ್ಟವರ ವಿವರ ನಮಗೆ ಪೂರ್ತಿ ಸಿಗದೆ ಇರಬಹುದು, ಅವರು ಬಾಗಿಲು ಮುಚ್ಚಿದರೆ ನಡುವೆ ಸಿಕ್ಕಿಕೊಂಡ ಹಣಕ್ಕೆ ಅವರಿಂದ ಹಣ ಬರಬೇಕಾದ ಉಳಿದವರ ಜೊತೆ ನಾವೂ ಕಾಯಬೇಕಾಗಬಹುದು. ಸಭೆಗೆ ಮೊದಲ ಬಗೆಯೇ ಸರಿ ಅನ್ನುವುದು ನನ್ನ ಖಚಿತ ಅಭಿಪ್ರಾಯ. ಸಭೆಗೆ ತನ್ನದೇ ನೋಂದಣಿ, ಬ್ಯಾಂಕ್ ಖಾತೆ ಇನ್ನೂ ಇಲ್ಲ ಅಂದರೆ ಮೊದಲು ಅದನ್ನು ಮಾಡಿಸಿ, ಆಮೇಲೆ ಆನ್‌ಲೈನ್‌ಗೆ ಬನ್ನಿ.

ಸಭೆಯ ಹೆಸರಿನಲ್ಲಿ ಅಂದೆ, ಅದನ್ನು ಸ್ವಲ್ಪ ಒತ್ತಿ ಹೇಳಬೇಕು. ಕಂಪ್ಯೂಟರ್ ಚೆನ್ನಾಗಿ ಗೊತ್ತಿರುವ ಯಾರೋ ಒಬ್ಬರು ತಮ್ಮ ಸ್ವಂತ ಇಮೇಲ್, ಸ್ವಂತ ಮೊಬೈಲ್ ನಂಬರ್ ಕೊಟ್ಟು ಖಾತೆ ತೆರೆದುಕೊಡುತ್ತಾರೆ. ಒಳ್ಳೆ ಮನಸ್ಸಿನಿಂದಲೇ ಮಾಡಿರುತ್ತಾರೆ. ಅವರು ಕೆಲಸದ ಮೇಲೆ ಬೇರೆ ಊರಿಗೆ ಹೋಗುತ್ತಾರೆ, ನಂಬರ್ ಬದಲಾಗುತ್ತದೆ, ಒಟಿಪಿ ಯಾರಿಗೆ ಹೋಗುತ್ತಿದೆಯೋ ಗೊತ್ತಾಗುವುದಿಲ್ಲ. ಆಗ ಸಭೆಯ ಹಣದ ಕೀಲಿಕೈ ಸಭೆಯ ಕೈಯಲ್ಲಿ ಇಲ್ಲ ಅಂತಲೇ ಅರ್ಥ. ಸಭೆಯದೇ ಇಮೇಲ್ ವಿಳಾಸ ಇರಲಿ, ಜವಾಬ್ದಾರಿ ಬದಲಾದಾಗ ಅದೂ ಕೈ ಬದಲಾಗಲಿ.

ಇನ್ನೊಂದು ಸಣ್ಣ ವಿಷಯ, ಆದರೆ ತುಂಬ ತೊಂದರೆ ಕೊಡುವಂಥದ್ದು. ಕೊಟ್ಟವರ ಕಾರ್ಡ್ ಸ್ಟೇಟ್‌ಮೆಂಟಿನಲ್ಲಿ ಯಾವ ಹೆಸರು ಕಾಣುತ್ತದೆ? ಸಭೆಯ ಹೆಸರಿನ ಬದಲು ಯಾವುದೋ ಗುರುತು ಸಿಗದ ಕಂಪನಿಯ ಹೆಸರು ಬಂದರೆ, ತಿಂಗಳ ಕೊನೆಗೆ ನೋಡಿದವರು ಇದು ನಾನು ಮಾಡಿದ್ದಲ್ಲ ಅಂತ ಬ್ಯಾಂಕಿಗೆ ದೂರು ಕೊಡುತ್ತಾರೆ. ಬ್ಯಾಂಕ್ ಹಣ ವಾಪಸ್ ಎಳೆದುಕೊಳ್ಳುತ್ತದೆ. ಇದಕ್ಕೆ ಚಾರ್ಜ್‌ಬ್ಯಾಕ್ ಅನ್ನುತ್ತಾರೆ. ಕಾಣಿಕೆಯೂ ಹೋಯಿತು, ಮೇಲೆ ದಂಡದ ಶುಲ್ಕವೂ ಬಿತ್ತು. ಆ ಹೆಸರನ್ನು ನಾವೇ ಬರೆಯಲು ಬಿಡುತ್ತಾರಾ ಅಂತ ಮೊದಲೇ ಕೇಳಿ.

ಈಗ ಶುಲ್ಕಕ್ಕೆ ಬರೋಣ. ಬಹಳಷ್ಟು ಕಡೆ ಶುಲ್ಕದಲ್ಲಿ ಎರಡು ಭಾಗ ಇರುತ್ತದೆ, ಒಂದು ಶೇಕಡಾ, ಇನ್ನೊಂದು ಪ್ರತಿ ಸಲಕ್ಕೂ ನಿಗದಿಯಾದ ಚಿಲ್ಲರೆ. ಸುಮ್ನೆ ಲೆಕ್ಕಕ್ಕೆ ಶೇಕಡಾ 2.5 ಮತ್ತು ಪ್ರತಿ ಸಲ 0.30 ಅಂತ ಇಟ್ಟುಕೊಳ್ಳಿ, ಹಣ ಯಾವ ದೇಶದ್ದಾದರೂ ಆಗಲಿ. 100 ಕೊಟ್ಟರೆ ಹೋಗುವುದು 2.80. ಪರವಾಗಿಲ್ಲ. ಆದರೆ 5 ಕೊಟ್ಟರೆ ಸುಮಾರು 0.43 ಹೋಗುತ್ತದೆ, ಅಂದರೆ ಶೇಕಡಾ 8.5. ಸಣ್ಣ ಕಾಣಿಕೆಗಳೇ ಜಾಸ್ತಿ ಇರುವ ಸಭೆಗೆ ಆ ಚಿಲ್ಲರೆ ಭಾಗವೇ ದೊಡ್ಡ ಹೊರೆ. ಹಾಗಾಗಿ ಜಾಹೀರಾತಿನ ಶೇಕಡಾವನ್ನು ಪಕ್ಕಕ್ಕಿಡಿ. ನಿಮ್ಮ ಸಭೆಯ ಕಳೆದ ಮೂರು ತಿಂಗಳ ಕಾಣಿಕೆಗಳನ್ನು ತೆಗೆದುಕೊಳ್ಳಿ, ಎಷ್ಟು ಜನ, ಎಷ್ಟೆಷ್ಟು, ಎಷ್ಟು ಸಲ ಅಂತ ಬರೆದು, ಪ್ರತಿ ಸೇವೆಯ ದರವನ್ನೂ ಅದರ ಮೇಲೆ ಕೂರಿಸಿ ನೋಡಿ. ತಿಂಗಳ ಬಾಡಿಗೆ ಇದ್ದರೆ ಅದನ್ನೂ ಸೇರಿಸಿ. ಆಗ ಕಾಗದದ ಮೇಲೆ ಅಗ್ಗ ಅನ್ನಿಸಿದ್ದು ಎಷ್ಟೋ ಸಲ ದುಬಾರಿ ಆಗುತ್ತದೆ. ಬ್ಯಾಂಕ್ ಖಾತೆಯಿಂದ ನೇರ ಬರುವ ಕಾಣಿಕೆಗೆ ಸಾಮಾನ್ಯವಾಗಿ ಕಾರ್ಡಿಗಿಂತ ಕಡಿಮೆ ಖರ್ಚು, ಅದಕ್ಕೆ ಆ ದಾರಿ ಇಲ್ಲದ ಸೇವೆಯನ್ನು ನಾನು ಶಿಫಾರಸು ಮಾಡುವುದಿಲ್ಲ.

"ಶುಲ್ಕವನ್ನೂ ನಾನೇ ಕೊಡುತ್ತೇನೆ" ಅನ್ನುವ ಒಂದು ಟಿಕ್ ಬಾಕ್ಸ್ ಕಾಣಿಕೆ ಪುಟಗಳಲ್ಲಿ ಇರುತ್ತದೆ. ಒಳ್ಳೆಯದೇ. ಅದರಲ್ಲೂ ಒಂದು ಸೂಕ್ಷ್ಮ ಇದೆ. ಸಭೆಗೆ ಪೂರ್ತಿ 100 ಸಿಗಬೇಕಾದರೆ ಮೇಲಿನ ದರದಲ್ಲಿ ಅವರು ಕೊಡಬೇಕಾದದ್ದು 102.87, ಯಾಕೆಂದರೆ ಸೇರಿಸಿದ ಶುಲ್ಕದ ಮೇಲೂ ಶುಲ್ಕ ಬೀಳುತ್ತದೆ. ಮೊತ್ತ ಸಣ್ಣದು, ಆದರೆ ಸೇವೆಯವರ ಲೆಕ್ಕ ಸರಿ ಇದೆಯಾ ಅಂತ ಪರೀಕ್ಷಿಸಲು ಇದು ಒಳ್ಳೆ ಜಾಗ. ಮತ್ತೆ ಆ ಟಿಕ್ ಮೊದಲೇ ಹಾಕಿಟ್ಟಿರಬಾರದು. ಕೊಡುವವರು ತಾವೇ ಹಾಕಬೇಕು.

ಸಭೆಗೆ ಪೂರ್ತಿ ಉಚಿತ ಅನ್ನುವ ಸೇವೆಗಳೂ ಇವೆ. ಅವುಗಳಲ್ಲಿ ಕೆಲವು ಕೊಡುವವರ ಹತ್ತಿರ ಕೊನೆಯ ಹೆಜ್ಜೆಯಲ್ಲಿ ಟಿಪ್ ಕೇಳುತ್ತವೆ, ಮೊದಲೇ ಒಂದು ಶೇಕಡಾ ತುಂಬಿಸಿಟ್ಟು. ಅದನ್ನು ಸೊನ್ನೆ ಮಾಡಲು ಹುಡುಕಬೇಕು. ವಯಸ್ಸಾದವರು ಅದೂ ಸಭೆಗೇ ಹೋಗುತ್ತದೆ ಅಂತ ನಂಬಿ ಒತ್ತಿಬಿಡುತ್ತಾರೆ. ನಮ್ಮನ್ನು ನಂಬಿ ಕೊಟ್ಟವರಿಂದ ನಮ್ಮ ಹೆಸರಿನ ಪುಟದಲ್ಲೇ ಹೀಗೆ ಹಣ ಹೋಗುವುದು ನನಗೆ ಒಪ್ಪಿಗೆಯಿಲ್ಲ. ಶುಲ್ಕವನ್ನು ಸಭೆಯೇ ಕಟ್ಟಲಿ, ಅದನ್ನು ವಾರ್ಷಿಕ ಲೆಕ್ಕದಲ್ಲಿ ಎಲ್ಲರಿಗೂ ತೋರಿಸಲಿ.

ಇನ್ನು ಖಜಾಂಚಿಯ ಮೇಜಿಗೆ ಬನ್ನಿ, ನನ್ನ ಮಟ್ಟಿಗೆ ಸೇವೆ ಗೆಲ್ಲುವುದೋ ಸೋಲುವುದೋ ಇಲ್ಲೇ. ಭಾನುವಾರ ಮೂರು ಕಾಣಿಕೆ ಬಂತು. ಸಾಮಾನ್ಯ ನಿಧಿಗೆ 1000, ಕಟ್ಟಡ ನಿಧಿಗೆ 500, ಸುವಾರ್ತಾ ಸೇವೆಗೆ 200. ಒಟ್ಟು 1700. ಅದೇ ದರದಲ್ಲಿ ಶುಲ್ಕ 25.30, 12.80, 5.30, ಒಟ್ಟು 43.40. ಎರಡು ದಿನ ಬಿಟ್ಟು ಬ್ಯಾಂಕಿನಲ್ಲಿ ಕಾಣುವುದು ಒಂದೇ ಒಂದು ಸಾಲು, 1656.60. ಯಾರ ಹೆಸರೂ ಇಲ್ಲ, ನಿಧಿಯ ಹೆಸರೂ ಇಲ್ಲ. ಅವಸರದಲ್ಲಿದ್ದ ಖಜಾಂಚಿ ಅದನ್ನೇ ಸಾಮಾನ್ಯ ನಿಧಿಯ ಆದಾಯ ಅಂತ ಬರೆದುಬಿಟ್ಟರೆ ಕಟ್ಟಡಕ್ಕೆ ಕೊಟ್ಟವರ ಹಣ ಅಲ್ಲಿಗೇ ದಾರಿ ತಪ್ಪಿತು. ಬರೆಯಬೇಕಾದದ್ದು ಮೂರು ನಿಧಿಗಳಲ್ಲಿ 1700 ಆದಾಯ, ಶುಲ್ಕದ ತಲೆಬರಹದಲ್ಲಿ 43.40 ಖರ್ಚು. ರಸೀದಿಯಲ್ಲೂ ಅವರು ಕೊಟ್ಟ 1000 ಇರಬೇಕು, ನಮಗೆ ತಲುಪಿದ 974.70 ಅಲ್ಲ. ಹಾಗಾಗಿ ಬ್ಯಾಂಕಿಗೆ ಬಿದ್ದ ಪ್ರತಿ ಮೊತ್ತದ ಎದುರು, ಅದರೊಳಗೆ ಯಾವ ಯಾವ ಕಾಣಿಕೆ ಇದೆ, ಯಾವ ನಿಧಿ, ಎಷ್ಟು ಶುಲ್ಕ, ನಡುವೆ ಯಾರಿಗಾದರೂ ವಾಪಸ್ ಕೊಟ್ಟಿದ್ದರೆ ಅದೆಷ್ಟು ಅನ್ನುವ ವರದಿ ಸಿಗಬೇಕು. ಸೇವೆಯವರು ಡೆಮೊ ತೋರಿಸುವಾಗ ಬಣ್ಣಬಣ್ಣದ ಗ್ರಾಫ್ ತೋರಿಸುತ್ತಾರೆ. "ಅದಿರಲಿ, ಒಂದು ದಿನದ ಜಮೆಯ ವರದಿ ತೆಗೆದು ತೋರಿಸಿ" ಅಂತ ಕೇಳಿ. ಅದನ್ನು ತೆರೆಯಲು ಅವರಿಗೇ ತಡಕಾಟ ಆದರೆ ನಿಮಗೆ ಉತ್ತರ ಸಿಕ್ಕಿದ ಹಾಗೆ.

ತೆರಿಗೆ ವಿನಾಯಿತಿ, ರಸೀದಿಯಲ್ಲಿ ಏನೇನು ಇರಬೇಕು, ಹೊರದೇಶದಿಂದ ಬರುವ ಕಾಣಿಕೆ, ಇವುಗಳ ಕಾನೂನು ಒಂದೊಂದು ದೇಶದಲ್ಲಿ ಒಂದೊಂದು ರೀತಿ. ನಿಮ್ಮ ಆಡಿಟರ್ ಹತ್ತಿರ ಕೂತು ಮೊದಲೇ ಪಟ್ಟಿ ಮಾಡಿಕೊಳ್ಳಿ. ಹೊರದೇಶದ ಕಾರ್ಡನ್ನು ತಡೆಯಬೇಕಾದರೆ ಆ ಸ್ವಿಚ್ ಸೇವೆಯಲ್ಲಿ ಇದೆಯಾ ಅಂತ ನೋಡಿ. ಇಲ್ಲದಿದ್ದರೆ ಯಾರೋ ಪ್ರೀತಿಯಿಂದ ಕಳಿಸಿದ ಹಣವೇ ಸಭೆಗೆ ಕಾನೂನಿನ ತೊಂದರೆ ತರಬಹುದು.

ತಿಂಗಳು ತಿಂಗಳು ತಾನಾಗಿಯೇ ಹೋಗುವ ಕಾಣಿಕೆ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ದಶಮಾಂಶ, ಅಂದರೆ ಆದಾಯದ ಹತ್ತನೇ ಒಂದು ಭಾಗ, ಕೊಡುವವರಿಗೆ ಇದು ನಿಜವಾದ ಅನುಕೂಲ, ಸಭೆಗೂ ತಿಂಗಳ ಖರ್ಚಿನ ಅಂದಾಜು ಸಿಗುತ್ತದೆ. ವಾರಕ್ಕೊಂದು ಸಲ 5 ಕೊಡುವವರು ತಿಂಗಳಿಗೊಮ್ಮೆ 20 ಕೊಟ್ಟರೆ ಮೇಲಿನ ದರದಲ್ಲಿ ಶುಲ್ಕ 1.70ರಿಂದ 0.80ಕ್ಕೆ ಇಳಿಯುತ್ತದೆ. ಆದರೆ ಶುರು ಮಾಡುವುದು ಎಷ್ಟು ಸುಲಭವೋ ನಿಲ್ಲಿಸುವುದೂ ಅಷ್ಟೇ ಸುಲಭ ಇರಬೇಕು. ಒಬ್ಬರಿಗೆ ಕೆಲಸ ಹೋಯಿತು ಅನ್ನಿ. ಮನೆಯಲ್ಲಿ ಬಾಡಿಗೆಗೇ ಹಣ ಸಾಲದು. ಅಂಥ ಹೊತ್ತಿನಲ್ಲಿ ಅವರು ಸಭೆಯ ಆಫೀಸಿಗೆ ಫೋನ್ ಮಾಡಿ, ನನ್ನ ಕಾಣಿಕೆ ನಿಲ್ಲಿಸಿ ಅಂತ ಕೇಳುವ ಪರಿಸ್ಥಿತಿ ಬರಬಾರದು. ಎಷ್ಟೋ ಜನ ನಾಚಿಕೆಯಿಂದ ಕೇಳುವುದೇ ಇಲ್ಲ, ಸಾಲ ಮಾಡಿ ಕಟ್ಟುತ್ತಾರೆ, ಇಲ್ಲವೇ ಸಭೆಗೆ ಬರುವುದನ್ನೇ ಬಿಡುತ್ತಾರೆ. ಅವರ ಫೋನಿನಲ್ಲೇ, ಯಾರಿಗೂ ಹೇಳದೆ, ಒಂದೆರಡು ಒತ್ತಿನಲ್ಲಿ ಕಡಿಮೆ ಮಾಡಲು, ಒಂದೆರಡು ತಿಂಗಳು ತಡೆಹಿಡಿಯಲು, ಪೂರ್ತಿ ನಿಲ್ಲಿಸಲು ಆಗಬೇಕು. ಇದಿಲ್ಲದ ಸೇವೆ ಸಭೆಗೆ ತಕ್ಕದ್ದಲ್ಲ. ಮನಸ್ಸಿಲ್ಲದೆ, ಬಲವಂತಕ್ಕೆ ಕೊಡಬಾರದು ಅಂತ ನಾವೇ ಸಾರುತ್ತೇವೆ, ಅಲ್ವಾ?

ಈಗ ಮೋಸದ ಮಾತು. ಕದ್ದ ಕಾರ್ಡ್ ನಂಬರುಗಳನ್ನು ಇಟ್ಟುಕೊಂಡವರು ಅವು ಇನ್ನೂ ನಡೆಯುತ್ತವಾ ಅಂತ ಪರೀಕ್ಷೆ ಮಾಡಲು ಕಾಣಿಕೆ ಪುಟಗಳನ್ನೇ ಹುಡುಕುತ್ತಾರೆ. ಯಾಕೆಂದರೆ ಅಲ್ಲಿ ಸಾಮಾನು ಕಳಿಸುವ ವಿಳಾಸ ಬೇಡ, ಎಷ್ಟು ಬೇಕಾದರೂ ಹಾಕಬಹುದು, 1 ಆದರೂ ಸರಿ. ಪ್ರೋಗ್ರಾಮ್ ಬರೆದು ರಾತ್ರಿಯೆಲ್ಲ ಓಡಿಸುತ್ತಾರೆ. ಬೆಳಗ್ಗೆ ನೋಡಿದರೆ ಸಣ್ಣ ಸಣ್ಣ ಮೊತ್ತದ ಕಾಣಿಕೆಗಳ ಸಾಲೇ ಸಾಲು, ಅರ್ಧಕ್ಕರ್ಧ ಫೇಲ್ ಆಗಿರುವುದು, ಕೊಟ್ಟವರ ಹೆಸರುಗಳಲ್ಲಿ ಅರ್ಥವಿಲ್ಲದ ಅಕ್ಷರಗಳು. ಫೇಲ್ ಆದ ಪ್ರಯತ್ನಕ್ಕೂ ಶುಲ್ಕ ಹಾಕುವ ಕಂಪನಿಗಳಿವೆ. ನಡೆದುಹೋದವುಗಳ ನಿಜವಾದ ಕಾರ್ಡ್‌ದಾರರು ಆಮೇಲೆ ಚಾರ್ಜ್‌ಬ್ಯಾಕ್ ಹಾಕುತ್ತಾರೆ.

ಇದಕ್ಕೆ ಕೆಲವು ಸೇವೆಯವರು ಕೊಡುವ ಸಲಹೆ ಕನಿಷ್ಠ ಮೊತ್ತ ಇಡಿ ಅನ್ನುವುದು. ಇಲ್ಲಿ ನಾನು ತಡೆಯುತ್ತೇನೆ. ಮಾರ್ಕನ ಸುವಾರ್ತೆ 12ನೇ ಅಧ್ಯಾಯದಲ್ಲಿ ಬಡ ವಿಧವೆ ಕಾಣಿಕೆ ಪೆಟ್ಟಿಗೆಗೆ ಎರಡು ಕಾಸು ಹಾಕಿದಳು, ಎಲ್ಲರಿಗಿಂತ ಹೆಚ್ಚು ಹಾಕಿದವಳು ಅವಳೇ ಅಂತ ಯೇಸು ಹೇಳಿದ. ಅದನ್ನು ಸಾರುವ ಸಭೆಯ ಪುಟದಲ್ಲಿ "ನಿಮ್ಮ ಮೊತ್ತ ತುಂಬಾ ಕಡಿಮೆ" ಅಂತ ಕೆಂಪು ಅಕ್ಷರ ಮೂಡಬಾರದು. ಕಳ್ಳರನ್ನು ತಡೆಯಲು ಬೇರೆ ದಾರಿಗಳಿವೆ. ಮನುಷ್ಯರೇ ಹೌದಾ ಅಂತ ನೋಡುವ ಕ್ಯಾಪ್ಚಾ, ಒಂದೇ ಕಡೆಯಿಂದ ಮೇಲಿಂದ ಮೇಲೆ ಬರುವ ಪ್ರಯತ್ನಕ್ಕೆ ತಡೆ, ಕಾರ್ಡ್ ಹಿಂದಿನ ಸಿವಿವಿ ಪರೀಕ್ಷೆ, ಬ್ಯಾಂಕಿನಿಂದ ಒಟಿಪಿಯಂಥ ಎರಡನೇ ಒಪ್ಪಿಗೆ. ಇವೆಲ್ಲ ಇದ್ದರೆ ಕನಿಷ್ಠ ಮೊತ್ತವನ್ನು ಆದಷ್ಟು ಕೆಳಗೇ ಇಡಬಹುದು. ಸಣ್ಣ ಕಾಣಿಕೆಗೆ ಶುಲ್ಕ ಜಾಸ್ತಿ ಆದರೆ ಆಗಲಿ, ಆ ನಷ್ಟ ಸಭೆ ಹೊರಲಿ.

ಇನ್ನೊಂದು ಮೋಸ ಹೀಗಿರುತ್ತದೆ. ಗುರುತಿಲ್ಲದವರೊಬ್ಬರು ದೊಡ್ಡ ಮೊತ್ತ ಕೊಡುತ್ತಾರೆ. ಮರುದಿನ ಗಾಬರಿಯ ಸಂದೇಶ ಬರುತ್ತದೆ, "ಸೊನ್ನೆ ಒಂದು ಜಾಸ್ತಿ ಒತ್ತಿಬಿಟ್ಟೆ, ಉಳಿದದ್ದನ್ನು ಈ ಖಾತೆಗೆ ಕಳಿಸಿ". ಪಾಪ ಅಂತ ಕಳಿಸಿದರೆ ಮುಗಿಯಿತು. ಮೊದಲು ಕೊಟ್ಟದ್ದು ಕದ್ದ ಕಾರ್ಡ್, ಅದೂ ವಾಪಸ್ ಹೋಗುತ್ತದೆ, ನೀವು ಕಳಿಸಿದ್ದೂ ಹೋಗುತ್ತದೆ. ನಿಯಮ ಒಂದೇ ಇರಲಿ. ಹಣ ವಾಪಸ್ ಕೊಡುವುದಿದ್ದರೆ ಬಂದ ಕಾರ್ಡಿಗೇ, ಬಂದ ಖಾತೆಗೇ, ಸೇವೆಯ ಮೂಲಕವೇ.

ಕಾರ್ಡ್ ವಿವರದ ಭದ್ರತೆಗೆ ಪಿಸಿಐ ಡಿಎಸ್‌ಎಸ್ ಅನ್ನುವ ಮಾನದಂಡ ಇದೆ. ಅದನ್ನು ನೋಡಿಕೊಳ್ಳುವ ಮಂಡಳಿಯನ್ನು ಐದು ದೊಡ್ಡ ಕಾರ್ಡ್ ಕಂಪನಿಗಳು ಸೇರಿ 2006ರಲ್ಲಿ ಕಟ್ಟಿದವು. ನಾವು ಅದನ್ನು ಪೂರ್ತಿ ಓದಬೇಕಿಲ್ಲ. ಕಾರ್ಡ್ ನಂಬರ್ ನಮ್ಮ ವೆಬ್‌ಸೈಟ್, ನಮ್ಮ ಕಂಪ್ಯೂಟರ್, ನಮ್ಮ ಕಾಗದ ಯಾವುದನ್ನೂ ಮುಟ್ಟಬಾರದು, ಸೀದಾ ಪೇಮೆಂಟ್ ಕಂಪನಿಯ ಪುಟದಲ್ಲೇ ತುಂಬಬೇಕು. ಇಷ್ಟು ಆದರೆ ನಮ್ಮ ಹೊರೆ ಬಹಳ ಇಳಿಯುತ್ತದೆ. ಫೋನಿನಲ್ಲಿ ಕಾರ್ಡ್ ನಂಬರ್ ಕೇಳಿ ಚೀಟಿಯಲ್ಲಿ ಬರೆದುಕೊಳ್ಳುವ ಅಭ್ಯಾಸ ಇದ್ದರೆ ಇವತ್ತೇ ನಿಲ್ಲಿಸಿ.

ಯಾರು ಎಷ್ಟು ಕೊಟ್ಟರು ಅನ್ನುವುದನ್ನು ಯಾರು ನೋಡಬಹುದು? ಸೇವೆಯಲ್ಲಿ ಬೇರೆ ಬೇರೆ ಹಂತದ ಪ್ರವೇಶ ಇರಬೇಕು. ಖಜಾಂಚಿಗೆ ಹೆಸರು, ಮೊತ್ತ ಎರಡೂ ಬೇಕು. ಕಮಿಟಿಗೆ ನಿಧಿವಾರು ಒಟ್ಟು ಮೊತ್ತ ಸಾಕು. ಪಾಸ್ಟರ್‌ಗೆ ಹೆಸರುವಾರು ಪಟ್ಟಿ ಬೇಡ ಅನ್ನುವುದು ನನ್ನ ನಿಲುವು. ಕೆಲವು ಪಾಸ್ಟರ್‌ಗಳು ಇದನ್ನು ಒಪ್ಪುವುದಿಲ್ಲ, ಕುಟುಂಬದ ಕಷ್ಟ ತಿಳಿಯಲು ಅದು ಬೇಕು ಅನ್ನುತ್ತಾರೆ. ಆದರೆ ಕಷ್ಟ ತಿಳಿಯಲು ಮನೆಗೆ ಹೋಗಿ ಮಾತಾಡಿಸುವ ದಾರಿ ಇದ್ದೇ ಇದೆ. ಒಂದೇ ಪಾಸ್‌ವರ್ಡನ್ನು ನಾಲ್ಕು ಜನ ಹಂಚಿಕೊಳ್ಳಬೇಡಿ. ಹಣ ಬೀಳುವ ಬ್ಯಾಂಕ್ ಖಾತೆಯನ್ನು ಬದಲಾಯಿಸಬೇಕಾದರೆ ಇಬ್ಬರ ಒಪ್ಪಿಗೆ ಬೇಕು ಅನ್ನುವ ವ್ಯವಸ್ಥೆ ಇರಲಿ. ಸೇವೆಯಲ್ಲಿ ಅದು ಇಲ್ಲದಿದ್ದರೆ, ಬದಲಾವಣೆ ಆದ ತಕ್ಷಣ ಕನಿಷ್ಠ ಇಬ್ಬರಿಗೆ ಇಮೇಲ್ ಬರುವಂತೆ ಮಾಡಿಸಿ.

ಸೇರುವ ಮೊದಲೇ ಬಿಡುವುದು ಹೇಗೆ ಅಂತ ಕೇಳಬೇಕು. ಸೇವೆ ಬದಲಾಯಿಸಿದರೆ ಕೊಟ್ಟವರ ಪಟ್ಟಿ, ಇತಿಹಾಸ ಎಲ್ಲ ಫೈಲ್ ರೂಪದಲ್ಲಿ ನಮಗೆ ಸಿಗುತ್ತದಾ? ತಿಂಗಳ ಕಾಣಿಕೆಯವರ ಕಾರ್ಡ್ ವಿವರ ನಮ್ಮ ಹತ್ತಿರ ಇರುವುದಿಲ್ಲ, ಪೇಮೆಂಟ್ ಕಂಪನಿಯಲ್ಲಿ ಟೋಕನ್ ಆಗಿ, ಅಂದರೆ ಕಾರ್ಡ್ ನಂಬರಿನ ಬದಲು ಬಳಸುವ ಗುರುತಿನ ಕೋಡ್ ಆಗಿ, ಕೂತಿರುತ್ತದೆ. ಅದನ್ನು ಹೊಸ ಕಂಪನಿಗೆ ಭದ್ರವಾಗಿ ದಾಟಿಸಿಕೊಡುತ್ತಾರಾ ಅನ್ನುವುದಕ್ಕೆ ಬರಹದಲ್ಲೇ ಉತ್ತರ ತೆಗೆದುಕೊಳ್ಳಿ. ಕೊಡದಿದ್ದರೆ ಪ್ರತಿಯೊಬ್ಬರೂ ಮತ್ತೆ ಮೊದಲಿಂದ ತುಂಬಬೇಕು, ಆ ಹಂತದಲ್ಲಿ ಎಷ್ಟೋ ಜನ ಕೈಬಿಡುತ್ತಾರೆ. ವರ್ಷದ ಒಪ್ಪಂದಕ್ಕೆ ರಿಯಾಯಿತಿ ಕೊಡುತ್ತೇವೆ ಅಂದರೂ ಮೊದಲ ವರ್ಷ ತಿಂಗಳ ಲೆಕ್ಕದಲ್ಲೇ ಇರಿ.

ಸಹಿ ಹಾಕುವ ಮುಂಚೆ ಒಂದು ಪರೀಕ್ಷೆ ಮಾಡಿ. ಸಭೆಯಲ್ಲಿ ಮೊಬೈಲ್ ಅಷ್ಟಾಗಿ ಬಳಸದ ಹಿರಿಯರೊಬ್ಬರನ್ನು ಕೂರಿಸಿ, ಅವರ ಹಳೆಯ ಫೋನಿನಲ್ಲೇ ಸಣ್ಣ ಕಾಣಿಕೆ ಕೊಡಿಸಿ. ನೀವು ಬಾಯಿ ಬಿಡಬೇಡಿ, ಸುಮ್ಮನೆ ನೋಡಿ. ಅಕ್ಷರ ಕಾಣುತ್ತದಾ, ಅವರ ಭಾಷೆಯಲ್ಲಿ ಇದೆಯಾ, ಅಕೌಂಟ್ ಮಾಡಿ ಅಂತ ಅಡ್ಡ ಹಾಕುತ್ತದಾ, ಎಲ್ಲಿ ನಿಂತು ನಿಮ್ಮ ಮುಖ ನೋಡಿದರು? ಆಮೇಲೆ ರಸೀದಿ ಬಂತಾ ನೋಡಿ, ಹಣ ಬ್ಯಾಂಕಿಗೆ ಬಿದ್ದ ದಿನ ವರದಿ ತೆಗೆಯಿರಿ, ಒಂದು ಕಾಣಿಕೆಯ ನಿಧಿ ಬದಲಾಯಿಸಿ, ಇನ್ನೊಂದನ್ನು ವಾಪಸ್ ಕಳಿಸಿ, ಎಲ್ಲವನ್ನೂ ಫೈಲಿಗೆ ಇಳಿಸಿ. ಒಂದು ಕಷ್ಟದ ಪ್ರಶ್ನೆಯನ್ನು ಅವರ ಸಹಾಯ ವಿಭಾಗಕ್ಕೆ ಶನಿವಾರ ರಾತ್ರಿ ಕಳಿಸಿ. ನಿಮಗೆ ತೊಂದರೆ ಬರುವುದು ಭಾನುವಾರ ಬೆಳಗ್ಗೆಯೇ.

ಪ್ರಶ್ನೆಗಳಲ್ಲಿ ಮೊದಲನೆಯದು, ಆನ್‌ಲೈನ್ ಬಂದ ಮೇಲೆ ಕಾಣಿಕೆ ಚೀಲ ತೆಗೆದುಬಿಡಬಹುದಾ ಅಂತ. ಬೇಡ. ನಗದು ಮಾತ್ರ ಇರುವವರು, ಹೆಸರು ಹೇಳದೆ ಕೊಡುವವರು, ಮಕ್ಕಳು, ಇವರಿಗೆಲ್ಲ ಅದೇ ದಾರಿ.

ಕ್ಯೂಆರ್ ಕೋಡ್ ಗೋಡೆಗೆ ಅಂಟಿಸಿದರೆ ಸಾಲದಾ ಅಂತ ಇನ್ನೊಬ್ಬರು ಕೇಳಿದರು. ಚಿಕ್ಕ ಸಭೆಗೆ ಸಾಕಾಗಬಹುದು. ಆದರೆ ಬರೀ ಬ್ಯಾಂಕ್ ಖಾತೆಯ ಕೋಡ್ ಆದರೆ ಯಾವ ನಿಧಿಗೆ ಅಂತ ಗೊತ್ತಾಗುವುದಿಲ್ಲ, ನಾನು ಮೊದಲು ಹೇಳಿದ ಜಾಡು ಅಲ್ಲೇ ತಪ್ಪುತ್ತದೆ. ಮತ್ತೆ ಅದರ ಮೇಲೆ ಬೇರೆಯವರು ತಮ್ಮ ಕೋಡ್ ಅಂಟಿಸಿ ಹೋಗುವುದೂ ಉಂಟು. ಪ್ರತಿ ಆರಾಧನೆಗೆ ಮುಂಚೆ ಒಬ್ಬರು ಸ್ಕ್ಯಾನ್ ಮಾಡಿ ಹೆಸರು ಸರಿ ಬರುತ್ತದಾ ನೋಡಲಿ.

ವಿಶೇಷ ಕಾಣಿಕೆಯ ದಿನ ಹಣ ತಡೆಹಿಡಿದುಬಿಟ್ಟರೆ ಏನು ಮಾಡುವುದು ಅನ್ನುವ ಪ್ರಶ್ನೆಯೂ ಬಂತು. ಮಾಮೂಲಿಗಿಂತ ಹತ್ತು ಪಟ್ಟು ಹಣ ಒಂದೇ ದಿನ ಬಂದರೆ ಪೇಮೆಂಟ್ ಕಂಪನಿಗಳು ಅನುಮಾನದಿಂದ ತಡೆಯುವುದು ಉಂಟು, ಹೊಸ ಖಾತೆಯಾದರೆ ಇನ್ನೂ ಜಾಸ್ತಿ. ಒಂದು ವಾರ ಮುಂಚೆ ಅವರಿಗೆ ಬರೆದು ತಿಳಿಸಿ, ಸಭೆಯ ನೋಂದಣಿ ಪತ್ರ ಕೈಯಲ್ಲಿ ಇಟ್ಟುಕೊಂಡಿರಿ.

ಕೊನೆಗೆ ಒಬ್ಬ ಅಕ್ಕ ಕೇಳಿದರು, ಹೊಸದಕ್ಕೆ ಹೋದ ಮೇಲೆ ಹಳೆಯದನ್ನು ಯಾವಾಗ ಮುಚ್ಚುವುದು? ಅವಸರ ಮಾಡಬೇಡಿ. ತಿಂಗಳ ಕಾಣಿಕೆಯವರೆಲ್ಲ ದಾಟಿದರಾ ಅಂತ ಹೆಸರು ಹಿಡಿದು ನೋಡಿ. ಕಾರ್ಡ್ ಕಾಣಿಕೆಗೆ ದೂರು ಬರಲು ಬಹುಪಾಲು ಸಂದರ್ಭಗಳಲ್ಲಿ 120 ದಿನಗಳ ತನಕ ಅವಕಾಶ ಇರುತ್ತದೆ, ಅಲ್ಲಿಯವರೆಗೆ ಹಳೆ ಖಾತೆ ತೆರೆದಿರಲಿ, ಹೊಸ ಕಾಣಿಕೆ ಮಾತ್ರ ಅಲ್ಲಿಗೆ ಬರದಂತೆ ಪುಟ ಮುಚ್ಚಿಬಿಡಿ. ವರ್ಷದ ರಸೀದಿಗಳು, ಪೂರ್ತಿ ಇತಿಹಾಸದ ಫೈಲ್ ಎರಡೂ ಇಳಿಸಿಕೊಂಡು, ತೆರೆದು ನೋಡಿ, ಒಟ್ಟು ಮೊತ್ತ ನಿಮ್ಮ ಪುಸ್ತಕದ ಜೊತೆ ತಾಳೆಯಾದ ಮೇಲೆ ಮುಚ್ಚಿ.